ದೂರದ ಯಂತ್ರಕ್ಕೆ ಹಿತ್ತಿಲ ಬಾಗಿಲು

ಮನೆಗೆ ತಲೆಬಾಗಿಲೊಂದಿದ್ದರೆ ಸಾಲದೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ತಲೆಬಾಗಿಲ ಅಗುಳಿ ಒಳಗಿನಿಂದ ತಾನಾಗಿ ಬಿದ್ದುಹೋದರೆ ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು ಅದನ್ನು ತೆಗೆಯುವುದು ಎಲ್ಲರೂ ಕಂಡ ಸಂಗತಿ. ಆದರೆ ಹಿತ್ತಿಲ ಬಾಗಿಲ ಬೀಗದಕೈಯನ್ನು ತಲೆಬಾಗಿಲ ಒಳಗಿನ ಗೂಟಕ್ಕೆ ತೂಗುಹಾಕಿ ಹೊರಟವನಿಗೆ ಎರಡು ಬಾಗಿಲುಗಳಿದ್ದೂ ಪ್ರಯೋಜನವಿಲ್ಲ. ಗಣಕಜಾಲಗಳ ನಿರ್ವಹಣೆಯಲ್ಲಿ ಬಳಕೆಯಾಗುವ ಕನ್ಸೋಲ್ ಸರ್ವರ್ ಎಂಬ ಉಪಕರಣವು ಇಂತಹ ಹಿತ್ತಿಲ ಬಾಗಿಲು. ಅದರ ಸ್ಥಾಪನೆಯ ಕ್ರಮವನ್ನು ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದು ಈ ಲೇಖನದ ಉದ್ದೇಶ. ಕ್ರಮವೇನೋ ಕಠಿನವಲ್ಲ, ಆದರೆ ಬೀಗದಕೈಯನ್ನು ಎಲ್ಲಿಡಬೇಕೆಂಬ ವಿಷಯದಲ್ಲಿ ಬಹು ದೊಡ್ಡ ಸಂಸ್ಥೆಗಳೂ ಎಡವಿರುವುದರಿಂದ ಅದನ್ನು ಕುರಿತು ತುಸು ಹೆಚ್ಚಾಗಿಯೇ ಹೇಳಬೇಕಾಗಿದೆ.

ಒಂದು ಊರಿನಲ್ಲಿ ಕುಳಿತ ನಿರ್ವಾಹಕನು ಇನ್ನೊಂದು ಊರಿನ ರೌಟರನ್ನೋ ಸ್ವಿಚ್ಚನ್ನೋ ತಿದ್ದಬೇಕಾದಾಗ ಸಾಮಾನ್ಯವಾಗಿ ಜಾಲದ ಮೂಲಕವೇ ಅದನ್ನು ತಲುಪುತ್ತಾನೆ. ಹಾಗೆ ತಲುಪಿಸುವ ಜಾಲವನ್ನು ನಡೆಸುತ್ತಿರುವುದೂ ಅದೇ ರೌಟರು. ಆದಕಾರಣ ಅವನು ಕೊಟ್ಟ ಆಜ್ಞೆಯಲ್ಲಿ ಒಂದಕ್ಷರ ತಪ್ಪಿದರೂ ಸಾಕು, ಕುಳಿತ ಕೊಂಬೆಯನ್ನು ತಾನೇ ಕಡಿದುಕೊಂಡವನಂತಾಗುತ್ತಾನೆ. ತಪ್ಪು ಅಲ್ಲಿಯೇ ಉಳಿಯುತ್ತದೆ. ತಿದ್ದುವ ಕೈ ಅಲ್ಲಿಗೆ ತಲುಪದು.

ಇದು ಬರಿಯ ಊಹೆಯ ಮಾತಲ್ಲ. ಕೆನಡಾ ದೇಶದಲ್ಲಿ 2022ನೆಯ ಇಸವಿಯ ಜುಲೈ 8ರಂದು ರೋಜರ್ಸ್ ಎಂಬ ದೂರಸಂಪರ್ಕ ಸಂಸ್ಥೆಯ ಜಾಲವು ಕುಸಿದುಬಿದ್ದಿತು. ವಿತರಣೆಯ ರೌಟರುಗಳಲ್ಲಿದ್ದ ಒಂದು ಶೋಧಕ ನಿಯಮವನ್ನು ತೆಗೆದುಹಾಕಿದೊಡನೆ ಮಾರ್ಗಸೂಚನೆಗಳ ಪ್ರವಾಹವೇ ಜಾಲದ ನಡುಭಾಗದ ರೌಟರುಗಳಿಗೆ ನುಗ್ಗಿತು. ಆ ಭಾರವನ್ನು ತಾಳಲಾರದೆ ಅವು ನಿಂತುಹೋದವು. 1 ಕೋಟಿ 20 ಲಕ್ಷಕ್ಕೂ ಮೇಲ್ಪಟ್ಟ ಗ್ರಾಹಕರು ಸಂಪರ್ಕವಿಲ್ಲದವರಾದರು. ಅಂಗಡಿಗಳಲ್ಲಿ ಕಾರ್ಡಿನಿಂದ ಹಣ ಸಲ್ಲಿಸುವ ವ್ಯವಸ್ಥೆ ಕೆಟ್ಟಿತು. ತುರ್ತು ಸಹಾಯದ 911 ಸಂಖ್ಯೆಗೆ ಕರೆಮಾಡುವುದೂ ಅನೇಕರಿಗೆ ಆಗಲಿಲ್ಲ. ಆ ಹೊತ್ತಿನಲ್ಲಿ ಮನೆಯೊಳಗೆ ರೋಗಿಯನ್ನಿಟ್ಟುಕೊಂಡಿದ್ದವರ ಪಾಡನ್ನು ಓದುಗರು ತಾವೇ ಊಹಿಸಬಹುದು. ಆ ರೌಟರುಗಳನ್ನು ತಲುಪಲೆಂದೇ ಇದ್ದ ನಿರ್ವಹಣಾ ಜಾಲವು ಕೆಟ್ಟುಹೋದ ನಡುಜಾಲವನ್ನೇ ಆಶ್ರಯಿಸಿತ್ತು. ದೋಷದ ಕಾರಣವನ್ನು ಕಂಡುಕೊಳ್ಳುವುದಕ್ಕೇ ಸುಮಾರು 14 ಗಂಟೆಗಳು ಹಿಡಿದುವೆಂದೂ, ಸಿಬ್ಬಂದಿಯ ಫೋನುಗಳೂ ಅದೇ ಜಾಲದವಾದ್ದರಿಂದ ಬೇರೆ ಸಂಸ್ಥೆಗಳ ಸಿಮ್ ಕಾರ್ಡುಗಳನ್ನು ದೂರದ ಠಾಣೆಗಳಿಗೆ ಕಳುಹಿಸಬೇಕಾಯಿತೆಂದೂ ಆಮೇಲೆ ನಡೆದ ಪರಿಶೀಲನೆಯ ವರದಿ ತಿಳಿಸುತ್ತದೆ. ಇದಕ್ಕೆ ಹಿಂದಿನ ವರ್ಷವೇ, 2021ರ ಅಕ್ಟೋಬರ್ 4ರಂದು, ಫೇಸ್‌ಬುಕ್ ಸಂಸ್ಥೆಗೂ ಇಂತಹುದೇ ಗತಿಯಾಗಿತ್ತು. ಮುಖ್ಯ ಜಾಲದ ಜೊತೆಗೆ ಪ್ರತ್ಯೇಕ ನಿರ್ವಹಣೆಯ ದಾರಿಯೂ ಮುಚ್ಚಿಹೋಗಿ, ತಂತ್ರಜ್ಞರು ಯಂತ್ರಾಗಾರಗಳಿಗೆ ಖುದ್ದಾಗಿ ಹೋಗಬೇಕಾಯಿತು.

ಇನ್ನು ಉಪಕರಣದ ಸ್ವರೂಪ. ಕನ್ಸೋಲ್ ಎಂಬ ಶಬ್ದಕ್ಕೆ ಇಂಗ್ಲಿಷಿನಲ್ಲಿ ಆರ್ಗನ್ ವಾದ್ಯವನ್ನು ನುಡಿಸುವವನು ಕುಳಿತುಕೊಳ್ಳುವ ಮಣೆಗಳ ಮೇಜು ಎಂಬ ಅರ್ಥವೂ ಉಂಟು. ಗಣಕದ ವಿಷಯದಲ್ಲಿ ಅದು ನಿರ್ವಾಹಕನು ಯಂತ್ರದೊಡನೆ ನೇರವಾಗಿ ಮಾತನಾಡುವ ಸ್ಥಾನ. ಹಿಂದೆ ಆ ಸ್ಥಾನದಲ್ಲಿ ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪ್ ಯಂತ್ರ ಇರುತ್ತಿತ್ತು. ಲಿನಕ್ಸ್ ವ್ಯವಸ್ಥೆಯಲ್ಲಿ ಇಂದಿಗೂ ಈ ಸಾಲುಗಳಿಗೆ ಟಿಟಿವೈ ಎಂಬ ಹೆಸರಿರುವುದು ಆ ಟೆಲಿಟೈಪಿನ ಉಳಿಕೆ. ವೇಗವನ್ನು ಹೇಳುವ ಬಾಡ್ ಎಂಬ ಮಾನವೂ ಹಳೆಯದೇ. ಫ್ರಾನ್ಸಿನ ತಂತಿವಾರ್ತಾ ತಂತ್ರಜ್ಞ ಎಮಿಲ್ ಬೋದೋ (1845–1903) ಅವರ ಹೆಸರಿನಿಂದ ಬಂದದ್ದು. ವಸ್ತು ಹೋದರೂ ಶಬ್ದ ಉಳಿಯುವುದು ಭಾಷೆಯಲ್ಲಿ ನಾವು ದಿನವೂ ಕಾಣುವ ವ್ಯಾಪಾರವಲ್ಲವೆ!

ಕನ್ಸೋಲಿನ ಪೋರ್ಟು ಸರಣಿ ಪೋರ್ಟು; ಅಕ್ಷರಗಳು ಒಂದರ ಹಿಂದೊಂದು ಸಾಲುಗಟ್ಟಿ ಸಾಗುವುದರಿಂದ ಈ ಹೆಸರು. ಅದರ ಲಕ್ಷಣವನ್ನು ವಿಧಿಸುವ ಆರ್‌ಎಸ್-232 ಎಂಬ ನಿಯಮಾವಳಿ ಅಮೆರಿಕದಲ್ಲಿ 1960ರಲ್ಲಿ ಹೊರಟು 1969ರಲ್ಲಿ ಪರಿಷ್ಕೃತವಾಯಿತು. ಇದರಂತೆ +3ರಿಂದ +15 ವೋಲ್ಟುಗಳ ನಡುವಿನ ಒತ್ತಡ ಸೊನ್ನೆ. −3ರಿಂದ −15ರ ನಡುವಿನದು ಒಂದು. ಕೇಳಿದವರಿಗೆ ಇದು ತಲೆಕೆಳಗೆಂದು ತೋರಬಹುದು, ವಿಧಿಯೇ ಹಾಗಿದೆ. ಇಷ್ಟು ಹಳೆಯ ಏರ್ಪಾಡು ಇನ್ನೂ ಉಳಿದುಬಂದಿರುವುದಕ್ಕೆ ಅದರ ಸರಳತೆಯೇ ಕಾರಣ. ಅದಕ್ಕೆ ಜಾಲದ ವಿಳಾಸ ಬೇಡ, ಮಾರ್ಗಸೂಚನೆ ಬೇಡ. ರೌಟರು ತನ್ನ ಕಾರ್ಯವ್ಯವಸ್ಥೆಯನ್ನು ತುಂಬಿಕೊಳ್ಳುವ ಮೊದಲೇ ಈ ಪೋರ್ಟು ಮಾತನಾಡತೊಡಗುತ್ತದೆ. ಇಂತಹ ಹಲವು ಪೋರ್ಟುಗಳನ್ನು, ಬಹುವಾಗಿ 8, 16, 32 ಅಥವಾ 48ನ್ನು, ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ, ಆ ಪೆಟ್ಟಿಗೆಯನ್ನು ಹೊರಗಿನಿಂದ ಜಾಲದ ಮೂಲಕ ತಲುಪುವಂತೆ ಮಾಡಿದರೆ ಅದೇ ಕನ್ಸೋಲ್ ಸರ್ವರ್.

ಸ್ಥಾಪನೆಯಲ್ಲಿ ಹೆಚ್ಚು ಕಾಲ ನುಂಗುವುದು ಕೇಬಲು. ಇಬ್ಬರು ಎದುರುಬದುರಾಗಿ ಮಾತನಾಡುವಾಗ ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಸಲ್ಲಬೇಕಲ್ಲದೆ ಬಾಯಿಗೆ ಬಾಯಿ ಸಲ್ಲಿದರೆ ಸಂಭಾಷಣೆ ನಡೆಯದು. ಅದರಂತೆಯೇ ಒಂದು ಕಡೆಯ ಕಳುಹಿಸುವ ತಂತಿ ಮತ್ತೊಂದು ಕಡೆಯ ಸ್ವೀಕರಿಸುವ ತಂತಿಗೆ ಸೇರಬೇಕು. ಗಣಕಗಳ ಒಂಬತ್ತು ಮೊಳೆಯ ಪೋರ್ಟಿನಲ್ಲಿ 2ನೆಯ ಮೊಳೆ ಸ್ವೀಕರಿಸುವುದು, 3ನೆಯದು ಕಳುಹಿಸುವುದು, 5ನೆಯದು ಭೂಸಂಪರ್ಕ. ಆದಕಾರಣ ಅಂತಹ ಎರಡು ಪೋರ್ಟುಗಳನ್ನು ಕೂಡಿಸುವಾಗ 2 ಮತ್ತು 3ನ್ನು ಅದಲುಬದಲು ಮಾಡಿ 5ನ್ನು ನೇರವಾಗಿ ಸೇರಿಸಬೇಕು. ಎಂಟು ಮೊಳೆಯ ಆರ್‌ಜೆ-45 ಸಂಪರ್ಕದ ವಿಷಯದಲ್ಲಿ ತಯಾರಕರಲ್ಲಿ ಒಮ್ಮತವಿಲ್ಲ. ಸಿಸ್ಕೊ ಸಂಸ್ಥೆಯ ತಿಳಿನೀಲಿ ಚಪ್ಪಟೆ ಕೇಬಲಿನಲ್ಲಿ ಒಂದು ತುದಿಯ 1ನೆಯದು ಇನ್ನೊಂದು ತುದಿಯ 8ನೆಯದಕ್ಕೆ, 2ನೆಯದು 7ನೆಯದಕ್ಕೆ, ಹೀಗೆ ಪೂರ್ತಿ ತಿರುವುಮುರುವಾಗಿರುತ್ತದೆ. ಎಲ್ಲ ಯಂತ್ರಗಳಿಗೂ ಇದೇ ಕೇಬಲು ಸಲ್ಲುವುದೆಂದು ತಿಳಿದು ಕೆಟ್ಟವರುಂಟು. ಯಂತ್ರದ ಕೈಪಿಡಿಯನ್ನು ಓದಿದ ಹೊರತು ಕೇಬಲನ್ನು ಮುಟ್ಟಬಾರದು. ಉದ್ದವೂ 15 ಮೀಟರಿನ ಒಳಗಿದ್ದರೆ ಒಳಿತು. ಪ್ರತಿ ಕೇಬಲಿನ ಎರಡು ತುದಿಗಳಿಗೂ ಹೆಸರಿನ ಚೀಟಿ ಅಂಟಿಸಬೇಕು. ಇದನ್ನು ನಾಳೆ ಮಾಡಿದರಾಯಿತೆಂದವರು ಎಂದೂ ಮಾಡುವುದಿಲ್ಲ.

ಕೇಬಲು ಸರಿಯಾದ ಮೇಲೆ ಮಾತಿನ ವೇಗ ಎರಡೂ ಕಡೆ ಒಂದೇ ಆಗಿರಬೇಕು. ಬಹುಪಾಲು ರೌಟರು ಸ್ವಿಚ್ಚುಗಳ ವಾಡಿಕೆ 9600 ಬಾಡ್, ಅಕ್ಷರಕ್ಕೆ 8 ಬಿಟ್‌ಗಳು, ಸಮತಾ ಪರೀಕ್ಷೆಯ ಬಿಟ್ ಇಲ್ಲ, ಕೊನೆಗೆ 1 ನಿಲುಗಡೆಯ ಬಿಟ್. ಆರಂಭದ ಬಿಟ್ ಒಂದನ್ನು ಸೇರಿಸಿದರೆ ಅಕ್ಷರಕ್ಕೆ 10 ಬಿಟ್‌ಗಳಾಗುವುದರಿಂದ ಸೆಕೆಂಡಿಗೆ 960 ಅಕ್ಷರಗಳು ಸಾಗುತ್ತವೆ. ಮನುಷ್ಯನ ಓದಿಗೆ ಇದು ಧಾರಾಳ. ವೇಗ ಹೊಂದದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಚೆಲ್ಲಾಡುತ್ತವೆ. ಮೋಡಿಲಿಪಿಯ ಕಡತವನ್ನು ಕನ್ನಡವೆಂದು ಓದಹೊರಟಂತೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ತಂತಿ ಸರಿಯಾಗಿದೆ, ವೇಗ ಮಾತ್ರ ತಪ್ಪಿದೆ ಎಂಬುದಕ್ಕೆ ಅದೇ ಸಾಕ್ಷಿ. ತೆರೆ ಸಂಪೂರ್ಣ ಖಾಲಿಯಾಗಿದ್ದರೆ ಕೇಬಲನ್ನೋ, ಹರಿವಿನ ನಿಯಂತ್ರಣದ ಏರ್ಪಾಡನ್ನೋ ಶಂಕಿಸಬೇಕು. ಮೂರೇ ತಂತಿಗಳ ಕೇಬಲು ಹಾಕಿ, ಅದರಲ್ಲಿಲ್ಲದ ತಂತಿಯ ಅಪ್ಪಣೆಗಾಗಿ ಕಾಯುವಂತೆ ಯಂತ್ರಕ್ಕೆ ಹೇಳಿದ್ದರೆ ಅದು ಕಾಯುತ್ತಲೇ ಇರುತ್ತದೆ.

ರೌಟರುಗಳಿಗೆ ಕನ್ಸೋಲು ಹುಟ್ಟಿನಿಂದಲೇ ಇರುತ್ತದೆ. ಲಿನಕ್ಸ್ ಸರ್ವರುಗಳಿಗಾದರೆ ಸರಣಿ ಪೋರ್ಟಿನಲ್ಲಿ ಮಾತನಾಡಬೇಕೆಂದು ಮೊದಲೇ ಹೇಳಿಕೊಡಬೇಕು. ಯಂತ್ರವನ್ನು ಎಬ್ಬಿಸುವ ತಂತ್ರಾಂಶ, ಕರ್ನೆಲ್, ಬಳಕೆದಾರನನ್ನು ಬರಮಾಡಿಕೊಳ್ಳುವ ಕಾರ್ಯಕ್ರಮ, ಈ ಮೂರಕ್ಕೂ ಬೇರೆಬೇರೆಯಾಗಿ ಹೇಳಬೇಕಾಗಬಹುದು. ಒಂದನ್ನು ಮರೆತರೆ ಯಂತ್ರವು ಅಷ್ಟು ಹೊತ್ತು ಮೌನ. ದೋಷವು ಆ ಮೌನದ ಹೊತ್ತಿನಲ್ಲಿಯೇ ಸಂಭವಿಸುವುದು ಅಪರೂಪವಲ್ಲ.

ಇಲ್ಲಿ ಒಂದು ಅಪಾಯವನ್ನು ಹೇಳಲೇಬೇಕು. ಸಾಲನ್ನು ಒಂದಕ್ಷರದ ಕಾಲಕ್ಕಿಂತ ಹೆಚ್ಚು ಹೊತ್ತು ಸೊನ್ನೆಯ ಸ್ಥಿತಿಯಲ್ಲಿಯೇ ಹಿಡಿದಿಟ್ಟರೆ ಅದಕ್ಕೆ ಬ್ರೇಕ್ ಎಂದು ಹೆಸರು. ಸನ್ ಸಂಸ್ಥೆಯ ಸ್ಪಾರ್ಕ್ ಸರ್ವರುಗಳು ಬ್ರೇಕ್ ಬಂದೊಡನೆ ಕೈಯಲ್ಲಿದ್ದ ಕೆಲಸವನ್ನೆಲ್ಲ ಅಲ್ಲಿಗೇ ನಿಲ್ಲಿಸಿ, ಮುಂದಿನ ಆಜ್ಞೆಗಾಗಿ ಕಾಯುತ್ತ ನಿಲ್ಲುತ್ತಿದ್ದವು. ಕೆಲವು ಕನ್ಸೋಲ್ ಸರ್ವರುಗಳಾದರೋ ತಮ್ಮ ವಿದ್ಯುತ್ತು ಹೋಗಿ ಬಂದಾಗ ಎಲ್ಲ ಪೋರ್ಟುಗಳಲ್ಲಿಯೂ ಬ್ರೇಕನ್ನೇ ಹೋಲುವ ಸಂಜ್ಞೆಯನ್ನು ಹೊರಡಿಸುತ್ತಿದ್ದವು. ಫಲವಾಗಿ, ಕಾಪಾಡಲು ಇಟ್ಟ ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಕಪಾಟಿನ ಸರ್ವರುಗಳೆಲ್ಲ ಏಕಕಾಲಕ್ಕೆ ಸ್ತಬ್ಧವಾಗುತ್ತಿದ್ದವು. ವೈದ್ಯನೇ ವ್ಯಾಧಿಯಾದ ಪ್ರಸಂಗವಿದು. ಬರಿಯ ಬ್ರೇಕಿಗೆ ಬದಲಾಗಿ ನಿರ್ದಿಷ್ಟ ಅಕ್ಷರಗಳ ಸರಣಿ ಬಂದರೆ ಮಾತ್ರ ನಿಲ್ಲುವಂತೆ ಸೊಲಾರಿಸ್ ವ್ಯವಸ್ಥೆಯಲ್ಲಿ ತರುವಾಯ ಅವಕಾಶ ಕಲ್ಪಿಸಲಾಯಿತು. ಆದುದರಿಂದ ಹೊಸ ಪೆಟ್ಟಿಗೆಯನ್ನು ಕೆಲಸದಲ್ಲಿರುವ ಯಂತ್ರಗಳಿಗೆ ಜೋಡಿಸುವ ಮೊದಲು, ಕೆಲಸವಿಲ್ಲದ ಒಂದು ಯಂತ್ರಕ್ಕೆ ಜೋಡಿಸಿ ವಿದ್ಯುತ್ತನ್ನು ಆರಿಸಿ ಹೊತ್ತಿಸಿ ನೋಡತಕ್ಕದ್ದು.

ಅದೇ ಬ್ರೇಕಿಗೆ ಇನ್ನೊಂದು ಮುಖವುಂಟು. ಅನೇಕ ಸಿಸ್ಕೊ ರೌಟರುಗಳು ಎಚ್ಚೆತ್ತ ಮೊದಲ 60 ಸೆಕೆಂಡುಗಳಲ್ಲಿ ಬ್ರೇಕ್ ಕಳುಹಿಸಿದವನಿಗೆ ಗುಪ್ತಪದವನ್ನೇ ಕೇಳದೆ ಒಳಗಿನ ಏರ್ಪಾಡಿಗೆ ದಾರಿ ಬಿಡುತ್ತವೆ. ಗುಪ್ತಪದ ಮರೆತ ನಿರ್ವಾಹಕನ ಅನುಕೂಲಕ್ಕಾಗಿ ಹೀಗೆ ಮಾಡಿರುವುದು. ಕನ್ಸೋಲಿಗೆ ಕೈಯಿಟ್ಟವನು ಯಂತ್ರದ ಮುಂದೆ ನಿಂತವನಿಗೆ ಸಮಾನನೆಂಬ ಭಾವನೆಯೇ ಇದರ ಆಧಾರ. ಹೀಗಿರುವಲ್ಲಿ ಕನ್ಸೋಲ್ ಸರ್ವರನ್ನು ಎಲ್ಲರಿಗೂ ಕಾಣುವಂತೆ ಅಂತರ್ಜಾಲದ ಬಯಲಿನಲ್ಲಿಡುವುದು ಸಲ್ಲದು. ತಯಾರಕರು ಕೊಟ್ಟ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸಬೇಕು. ಗುಪ್ತಪದವನ್ನು ಬಿಚ್ಚಿಟ್ಟಂತೆ ಸಾಗಿಸುವ ಟೆಲ್ನೆಟ್ಟನ್ನು ಮುಚ್ಚಿ, ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಒಂದನ್ನೇ ತೆರೆದಿಡಬೇಕು. ಮೂರೇ ತಂತಿಗಳ ಕೇಬಲಿನಲ್ಲಿ ಒಬ್ಬನು ಹೊರಟುಹೋದ ಸುದ್ದಿ ಯಂತ್ರಕ್ಕೆ ಮುಟ್ಟುವುದಿಲ್ಲವಾದ್ದರಿಂದ, ಅವನು ಮುಗಿಸದೆ ಬಿಟ್ಟ ಸಂವಾದದೊಳಕ್ಕೆ ಮುಂದೆ ಬಂದವನು ನೇರವಾಗಿ ಪ್ರವೇಶಿಸಬಲ್ಲನು. ಕೆಲವು ನಿಮಿಷ ಸುಮ್ಮನಿದ್ದರೆ ಸಂವಾದ ತಾನೇ ಮುಚ್ಚುವಂತೆ ಇಡುವುದು ಇದಕ್ಕೆ ಪರಿಹಾರ. ಪದೇ ಪದೇ ಗುಪ್ತಪದ ಬರೆಯುವ ಬೇಸರಕ್ಕೆ ಈ ಅವಧಿಯನ್ನು ರದ್ದುಮಾಡುವವರು ತಮಗೆ ಉಪಕಾರ ಮಾಡಿಕೊಂಡು ಇತರರಿಗೆ ಆಹ್ವಾನ ಕೊಟ್ಟಂತೆ.

ಈಗ ಬೀಗದಕೈಯ ವಿಷಯ. ಕನ್ಸೋಲ್ ಸರ್ವರಿಗೆ ಮುಖ್ಯ ಜಾಲದ ದಾರಿಯೊಂದೇ ಇದ್ದರೆ ಅದು ಗೂಟಕ್ಕೆ ತೂಗುಹಾಕಿದ ಬೀಗದಕೈ. ಬೇರೊಂದು ಸಂಸ್ಥೆಯ ಮೊಬೈಲ್ ಜಾಲದ ಮೋಡೆಮನ್ನಾಗಲಿ, ಬೇರೆಯೇ ಆದ ತಂತಿಯ ಸಂಪರ್ಕವನ್ನಾಗಲಿ ಅದಕ್ಕೆ ಕೊಡಬೇಕು. ಮೊಬೈಲ್ ಜಾಲದಲ್ಲಿ ಹೊರಗಿನಿಂದ ಕರೆಯಬಹುದಾದ ವಿಳಾಸ ಬಹುಮಟ್ಟಿಗೆ ದೊರೆಯದಿರುವುದರಿಂದ, ಪೆಟ್ಟಿಗೆಯೇ ಒಳಗಿನಿಂದ ಹೊರಟು ನಿರ್ವಾಹಕನ ಕಡೆಗೆ ಗುಪ್ತಮಾರ್ಗವೊಂದನ್ನು ತೆರೆದಿಟ್ಟುಕೊಂಡಿರುವಂತೆ ಏರ್ಪಡಿಸಬೇಕು. ಆದರೆ ದಾರಿ ಬೇರೆಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಳಬರುವವನ ಗುರುತನ್ನು ಕೇಂದ್ರದ ಪರಿಶೀಲನಾ ಯಂತ್ರವೊಂದೇ ಹೇಳಬೇಕೆಂದು ವಿಧಿಸಿದ್ದರೆ, ಆ ಕೇಂದ್ರ ತಲುಪದ ದಿನ ಬಾಗಿಲ ತನಕ ಬಂದೂ ಹೊರಗೇ ನಿಲ್ಲಬೇಕಾಗುತ್ತದೆ. ಆದ್ದರಿಂದ ಪೆಟ್ಟಿಗೆಯೊಳಗೇ ಒಂದು ಸ್ಥಳೀಯ ಖಾತೆ ಇರಬೇಕು. ವಿಳಾಸವನ್ನು ಹೆಸರಿನಿಂದಲ್ಲದೆ ಅಂಕಿಗಳಿಂದಲೂ ಬಲ್ಲವರಾಗಿರಬೇಕು; ಹೆಸರನ್ನು ಅಂಕಿಗೆ ತಿರುಗಿಸುವ ಸರ್ವರೂ ಕೆಟ್ಟ ಜಾಲದೊಳಗೇ ಇದ್ದೀತು. ಹೀಗೆ ಪ್ರತಿಯೊಂದನ್ನೂ ಹಿಡಿದು, ಮುಖ್ಯ ಜಾಲವಿಲ್ಲದಿದ್ದರೆ ಇದು ನಿಂತೀತೆ ಎಂದು ಕೇಳುತ್ತ ಹೋಗುವುದೇ ಇಲ್ಲಿಯ ವಿದ್ಯೆ. ರೋಜರ್ಸಿನವರಲ್ಲಿ ಯಂತ್ರಗಳಿಗೆ ಬಡತನವಿರಲಿಲ್ಲ. ಈ ಒಂದು ಪ್ರಶ್ನೆಗೆ ದೊರೆತ ಉತ್ತರ ಸಾಲದಾಗಿತ್ತು.

ಯಾರೂ ನೋಡದಿರುವಾಗಲೂ ಪ್ರತಿ ಪೋರ್ಟಿನಿಂದ ಹೊರಟ ಅಕ್ಷರಗಳನ್ನೆಲ್ಲ ಬರೆದಿಟ್ಟುಕೊಳ್ಳುವುದು ಈ ಪೆಟ್ಟಿಗೆಯ ಮತ್ತೊಂದು ಉಪಕಾರ. ನಡುರಾತ್ರಿಯಲ್ಲಿ ಸರ್ವರೊಂದು ಸಾಯುವ ಮುನ್ನ ಉಸುರಿದ ಕೊನೆಯ ಸಾಲು ಅದರ ಡಿಸ್ಕಿನಲ್ಲಿ ದೊರೆಯದೆ ಹೋದೀತು, ಇಲ್ಲಿ ದೊರೆಯುತ್ತದೆ. ಗಡಿಯಾರಗಳನ್ನು ಮಾತ್ರ ಒಂದಕ್ಕೊಂದು ಸರಿಹೊಂದಿಸಿಟ್ಟಿರಬೇಕು.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಬಳಕೆ ಕಡಿಮೆಯಿರುವ ಒಂದು ರಾತ್ರಿಯನ್ನು ಗೊತ್ತುಮಾಡಿ, ಎಲ್ಲರಿಗೂ ತಿಳಿಸಿ, ಮುಖ್ಯ ಜಾಲದ ತಂತಿಯನ್ನು ಕೈಯಾರೆ ಕಿತ್ತು, ಬೇರೊಂದು ಸ್ಥಳದಿಂದ ಒಳಬರಲು ಪ್ರಯತ್ನಿಸಬೇಕು. ಪ್ರತಿ ಪೋರ್ಟನ್ನೂ ತೆರೆದು, ಚೀಟಿಯಲ್ಲಿರುವ ಹೆಸರಿಗೂ ಎದುರಿಗೆ ಮಾತನಾಡುವ ಯಂತ್ರದ ಹೆಸರಿಗೂ ತಾಳೆನೋಡಬೇಕು. ವರ್ಷಕ್ಕೆ ಎರಡು ಬಾರಿಯಾದರೂ ಇದನ್ನು ಮಾಡದಿದ್ದರೆ ಹಿತ್ತಿಲ ಬಾಗಿಲ ತಿರುಗಣಿ ತುಕ್ಕುಹಿಡಿಯುತ್ತದೆ. ಮೋಡೆಮಿನ ಸಿಮ್ ಕಾರ್ಡಿಗೆ ಹಣ ಸಲ್ಲಿಸಲು ಮರೆತಿರುವುದು ತಿಳಿದುಬರುವುದೂ ಆ ರಾತ್ರಿಯೇ. ಯಾವ ಪೋರ್ಟಿಗೆ ಯಾವ ಯಂತ್ರ, ಯಾವ ವೇಗ, ಪೆಟ್ಟಿಗೆಯ ವಿಳಾಸದ ಅಂಕಿಗಳೇನು ಎಂಬ ಪಟ್ಟಿಯನ್ನು ಕಾಗದದ ಮೇಲೆ ಬರೆದು, ಒಂದು ಪ್ರತಿಯನ್ನು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ, ಇನ್ನೊಂದನ್ನು ನಿರ್ವಾಹಕನು ತನ್ನ ಮನೆಯಲ್ಲಿ ಇಟ್ಟುಕೊಳ್ಳತಕ್ಕದ್ದು.