ಕುಷ್ಟಗಿಯ ಹುಡುಗಿ ಟೆನಿಸ್ ಕಲಿಯುವುದೆಂತು?

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಟಿ.ವಿ.ಯಲ್ಲಿ ರೋಹನ್ ಬೋಪಣ್ಣ ಆಡಿದ್ದನ್ನು ನೋಡಿದಾಗಿನಿಂದ ಟೆನಿಸ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಈಗಲೇ ಬೆಂಗಳೂರಿನ ಅಕಾಡೆಮಿಗೆ ಸೇರಿಸದಿದ್ದರೆ ತಡವಾಗುತ್ತದೆ ಎನ್ನುತ್ತಾರೆ. ನಿಜವೇ? ಜೂನಿಯರ್ ಆಟಗಾರರ ಮೊದಲ ವರ್ಷಗಳು ಹೇಗಿರುತ್ತವೆ?
— ಓದುಗರೊಬ್ಬರು, ಕುಷ್ಟಗಿ

ಉತ್ತರ: ತಡವಾಗಿಲ್ಲ. ನಿಮ್ಮ ಮಗಳು ಮೆಚ್ಚಿದ ಬೋಪಣ್ಣನವರೇ ಟೆನಿಸ್ ಶುರು ಮಾಡಿದ್ದು ಹನ್ನೊಂದನೇ ವಯಸ್ಸಿನಲ್ಲಿ, ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಸರ್ವ್‌ಗೆ ಬಲ ಬರಲೆಂದು ಸೌದೆ ಕಡಿದದ್ದನ್ನು, ದಮ್ಮು ಹೆಚ್ಚಲೆಂದು ತೋಟಗಳ ನಡುವೆ ಓಡಿದ್ದನ್ನು 2025ರ ನವೆಂಬರಿನಲ್ಲಿ ನಿವೃತ್ತಿ ಹೇಳುವಾಗ ಅವರೇ ನೆನೆದರು. ಹದಿಹರೆಯದಲ್ಲಿ ಪುಣೆಗೆ ಹೋಗಿ ನಂದನ್ ಬಾಳ್ ಅವರಲ್ಲಿ ತರಬೇತಿ ಪಡೆದರು. ವೃತ್ತಿಪರರಾದದ್ದು 2003ರಲ್ಲಿ, 23ನೇ ವಯಸ್ಸಿನಲ್ಲಿ. ಜೂನಿಯರ್ ಗ್ರ್ಯಾಂಡ್‌ಸ್ಲಾಂ ಪ್ರಶಸ್ತಿ ಅವರ ಹೆಸರಿನಲ್ಲಿ ಒಂದೂ ಇಲ್ಲ. ಆದರೂ 2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, 43ನೇ ವಯಸ್ಸಿನಲ್ಲಿ ಡಬಲ್ಸ್ ವಿಶ್ವ ನಂ. 1 ಆದರು.

ಬೇಗ ಮೇಲೇರಿದವರೂ ಇದ್ದಾರೆ. ಯೂಕಿ ಭಾಂಬ್ರಿ 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಸಿಂಗಲ್ಸ್ ಗೆದ್ದು, ಜೂನಿಯರ್ ವಿಶ್ವ ನಂ. 1 ಆದರು. ಆಮೇಲೆ ಗಾಯಗಳು ಬಿಡದೆ ಕಾಡಿದವು. ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತ್ಯುತ್ತಮ ಸ್ಥಾನ 83. ಕೊಯಮತ್ತೂರಿನ ಮಾಯಾ ರಾಜೇಶ್ವರನ್ 2025ರ ಫೆಬ್ರುವರಿಯಲ್ಲಿ, ಹದಿನೈದರ ವಯಸ್ಸಿಗೇ ಮುಂಬೈ ಓಪನ್ ಸೆಮಿಫೈನಲ್ ತಲುಪಿದಳು. ಹತ್ತು ವರ್ಷದ ಮಗುವನ್ನು ಇವರಲ್ಲಿ ಯಾರೊಂದಿಗೂ ಹೋಲಿಸಬೇಡಿ.

ಮೊದಲು ಚೆಂಡಿನ ವಿಷಯ, ಇದು ಬಹಳ ಪಾಲಕರಿಗೆ ತಿಳಿದಿಲ್ಲ. ಚಿಕ್ಕ ಮಕ್ಕಳಿಗೆ ದೊಡ್ಡವರ ಗಟ್ಟಿ ಚೆಂಡು ಕೊಡಬಾರದು. ಅದು ತಲೆಯ ಮಟ್ಟಕ್ಕೆ ಪುಟಿಯುತ್ತದೆ, ಮಗು ತಡೆಯಲೆಂದು ತಪ್ಪು ಹಿಡಿತ ರೂಢಿಸಿಕೊಳ್ಳುತ್ತದೆ. ಅದಕ್ಕೇ ಮೆತ್ತಗಿನ ಕೆಂಪು, ಕಿತ್ತಳೆ, ಹಸಿರು ಚೆಂಡುಗಳಿವೆ. ಹತ್ತರೊಳಗಿನ ಮಕ್ಕಳ ಪಂದ್ಯಗಳಿಗೆ 2012ರಿಂದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಇವನ್ನೇ ಕಡ್ಡಾಯ ಮಾಡಿದೆ. ನಿಮ್ಮ ಮಗಳಿಗೆ ಈಗ ಹಸಿರು ಚೆಂಡು ಸರಿ, ಹೊಸದಾಗಿ ಕಲಿಯುವವಳಾದ್ದರಿಂದ ಕೆಲವು ವಾರ ಕಿತ್ತಳೆಯಲ್ಲಿ ಆಡಿದರೆ ಇನ್ನೂ ಒಳ್ಳೆಯದು. ಶಾಲೆಯ ಗೋಡೆ, ಸಮತಟ್ಟಾದ ಸಿಮೆಂಟು ನೆಲ ಸಿಕ್ಕರೆ ಮೊದಲ ತಿಂಗಳುಗಳಿಗೆ ಸಾಕು. ನಮ್ಮ ಕಡೆಯ ಬಿಸಿಲಿಗೆ ಬೆಳಗಿನ ಹೊತ್ತೇ ಲೇಸು. ಓಟ, ಖೋ ಖೋ, ಹಗ್ಗದಾಟ ಬಿಡಿಸಬೇಡಿ. ಅವಳ ಕಾಲಿಗೆ ಚುರುಕು ಬರುವುದು ಅಲ್ಲಿಂದಲೇ.

ಪಂದ್ಯಗಳ ಮೆಟ್ಟಿಲು ಹೀಗಿದೆ. ಅಖಿಲ ಭಾರತ ಟೆನಿಸ್ ಸಂಸ್ಥೆ (ಎಐಟಿಎ) 12, 14, 16, 18 ವರ್ಷದೊಳಗಿನವರಿಗೆ ಟೂರ್ನಿ ನಡೆಸುತ್ತದೆ. ಜನನ ಪ್ರಮಾಣಪತ್ರ ಕೊಟ್ಟು ನೋಂದಾಯಿಸಬೇಕು. ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಶಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್ ಎಂದು ಹಂತ ಏರಿದಂತೆ ಅಂಕವೂ ಏರುತ್ತದೆ. ಹದಿಮೂರು ತುಂಬಿದ ಮೇಲೆ ಅಂತರರಾಷ್ಟ್ರೀಯ ಜೂನಿಯರ್ ಟೂರ್ನಿಗಳು: ಜೆ30 ಸಿಂಗಲ್ಸ್ ಗೆದ್ದರೆ 30 ಅಂಕ, ಜೂನಿಯರ್ ಗ್ರ್ಯಾಂಡ್‌ಸ್ಲಾಂ ಗೆದ್ದರೆ 1000. ಎಳೆಯರು ವರ್ಷಕ್ಕೆ ಇಂತಿಷ್ಟೇ ಟೂರ್ನಿ ಆಡಬೇಕೆಂಬ ಮಿತಿಯೂ ಇದೆ. ಆ ನಿಯಮ ಮಕ್ಕಳ ಮೂಳೆ, ಮನಸ್ಸು ಎರಡನ್ನೂ ಕಾಯುತ್ತದೆ.

ಹಣದ ಮಾತನ್ನು ಮುಚ್ಚಿಡಲಾರೆ. ಈ ಆಟದಲ್ಲಿ ರಾಕೆಟ್ಟಿಗಿಂತ ಓಡಾಟ, ವಸತಿ, ಜೊತೆಗೆ ಹೋಗುವ ಪಾಲಕರ ಕೆಲಸ ತಪ್ಪುವುದು ಹೆಚ್ಚು ಭಾರ. ಆದ್ದರಿಂದ ಮೊದಲ ಎರಡು ವರ್ಷ ಬೆಂಗಳೂರಿನ ಆಸೆ ಬಿಡಿ. ಕೊಪ್ಪಳದ ಜಿಲ್ಲಾ ಕ್ರೀಡಾಂಗಣದಲ್ಲಿ, ಗಂಗಾವತಿ, ಹೊಸಪೇಟೆಯ ಕ್ಲಬ್ಬುಗಳಲ್ಲಿ ಅಂಗಳ ಸಿಗುವುದೇ ವಿಚಾರಿಸಿ. 2025ರ ಮೇ ತಿಂಗಳಿಂದ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲಿದೆ, ಅಲ್ಲಿಂದ ಧಾರವಾಡ ಹತ್ತಿರ. ಧಾರವಾಡ ಜಿಲ್ಲಾ ಲಾನ್ ಟೆನಿಸ್ ಸಂಸ್ಥೆಯ ಅಂಗಳದಲ್ಲಿ 2023ರ ಅಕ್ಟೋಬರಿನಲ್ಲಿ ಪುರುಷರ ಅಂತರರಾಷ್ಟ್ರೀಯ ಟೂರ್ನಿ ನಡೆಯಿತು, ಅದೇ ವರ್ಷ ಕಲಬುರಗಿಯಲ್ಲೂ ನಡೆಯಿತು. ಅಂಥದ್ದು ಮತ್ತೆ ಬಂದಾಗ ಮಗಳನ್ನು ಕರೆದುಕೊಂಡು ಹೋಗಿ ಒಂದು ದಿನ ಕೂತು ನೋಡಿ. ಟಿ.ವಿ.ಯಲ್ಲಿ ಕಾಣದ ಕಾಲಿನ ಕೆಲಸ ಅಲ್ಲಿ ಕಾಣುತ್ತದೆ.

ಹನ್ನೆರಡು ತುಂಬುವ ಹೊತ್ತಿಗೆ ಅವಳಾಗಿಯೇ ಬೆಳಿಗ್ಗೆ ಎದ್ದು ಹೊರಡುತ್ತಿದ್ದರೆ, ಸೋತ ಮರುದಿನವೂ ಆಡುವ ಮನಸ್ಸಿದ್ದರೆ, ಆಗ ದೊಡ್ಡ ಊರಿನ ತರಬೇತಿಯ ಮಾತು ಯೋಚಿಸಿ. ಅಲ್ಲಿಯವರೆಗೆ ಒಂದು ಕೆಲಸ ನಿಮ್ಮದೇ: ಕುಷ್ಟಗಿ, ಯಲಬುರ್ಗಾದಲ್ಲಿ ಇಂಥದ್ದೇ ಆಸೆಯ ಮಕ್ಕಳಿರುವ ಪಾಲಕರನ್ನು ಕೂಡಿಸಿ, ತಾಲ್ಲೂಕಿಗೊಂದು ಟೆನಿಸ್ ಅಂಗಳ ಕೊಡಿ ಎಂದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಅರ್ಜಿ ಹಾಕಿ. ಆಡಲು ಜೊತೆಗಾರರಿಲ್ಲದೆ ಯಾವ ಮಗುವೂ ಈ ಆಟದಲ್ಲಿ ಬೆಳೆಯುವುದಿಲ್ಲ.