ಮಗು ಮಾತಾಡುವುದಕ್ಕೆ ಮೊದಲು ಕಿವಿ ಕೇಳಬೇಕು

ಬೋರನಕಣಿವೆ ಕಡೆಯ ಒಂದು ಮಹಿಳಾ ಸಂಘದ ಸಭೆ. ತೊಡೆಯ ಮೇಲೆ ಎರಡು ವರ್ಷದ ಮೊಮ್ಮಗನನ್ನು ಕೂರಿಸಿಕೊಂಡಿದ್ದ ಅಜ್ಜಿಯನ್ನು, "ಮಗು ಮಾತಾಡ್ತಾನಾ ಅಮ್ಮಾ?" ಅಂತ ಕೇಳಿದೆ. "ಇನ್ನೂ ಇಲ್ಲ ಸಿಸ್ಟರಮ್ಮ. ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು. ತೆಂಗಿನ ಸಸಿ ನೆಟ್ಟ ತಕ್ಷಣ ಕಾಯಿ ಬಿಡ್ತದಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಿವಿ ಕೇಳುತ್ತಾ ಅಂದಾಗ ಪಕ್ಕದಲ್ಲಿದ್ದ ತಟ್ಟೆ ಎತ್ತಿ ಬಡಿದರು. ಮಗು ತಿರುಗಿತು. "ನೋಡಿ, ಚೆನ್ನಾಗಿ ಕೇಳ್ತದೆ!"

ನಾವು ಮೋಸ ಹೋಗುವುದು ಇಲ್ಲೇ. ಕೈ ಆಡಿದ್ದು ಕಂಡರೂ, ನೆಲ ಅದುರಿದರೂ ಮಗು ತಿರುಗುತ್ತದೆ. ಕೆಲವು ಮಕ್ಕಳಿಗೆ ಲಾರಿ ಹಾರನ್ನು ಕೇಳುತ್ತದೆ, "ಬಾ ಮರಿ" ಎಂಬ ಮೆಲುದನಿ ಕೇಳುವುದಿಲ್ಲ. ಕೇಳದ ಮಾತನ್ನು ಮಗು ಆಡುವುದು ಹೇಗೆ? ಮಿದುಳು ಮಾತು ಕಲಿಯಲು ಅತಿ ಚುರುಕಾಗಿರುವುದು ಮೊದಲ ಮೂರು ವರ್ಷ. ಅದಕ್ಕೇ ತಜ್ಞರು ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತತೆ, ಆರು ತಿಂಗಳೊಳಗೆ ಚಿಕಿತ್ಸೆ ಆರಂಭ ಎನ್ನುತ್ತಾರೆ. ತಡವಾದವರೂ ಕೈಚೆಲ್ಲಬೇಕಿಲ್ಲ, ಇವತ್ತೇ ಹೊರಡಿ.

ಎಲ್ಲಿಗೆ? ನಮ್ಮ ರಾಜ್ಯದಲ್ಲೇ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಲ್ಲಿ ಆರಂಭವಾದ ಇದು ಕೇಂದ್ರ ಆರೋಗ್ಯ ಸಚಿವಾಲಯದ್ದು. ದೇಶದ ಎಷ್ಟೋ ಶ್ರವಣತಜ್ಞರು, ವಾಕ್ ಚಿಕಿತ್ಸಕರು ಓದಿದ್ದು ಇಲ್ಲೇ. ಸಂಶೋಧನೆಯೂ, ಚಿಕಿತ್ಸೆಯೂ ಒಂದೇ ಆವರಣದಲ್ಲಿ.

ಪರೀಕ್ಷೆಗೆ ಹೆದರಬೇಡಿ. ಸೂಜಿ ಇಲ್ಲ, ನೋವಿಲ್ಲ. ಒ.ಎ.ಇ. ಪರೀಕ್ಷೆಯಲ್ಲಿ ಮಲಗಿದ ಕೂಸಿನ ಕಿವಿಗೆ ಸಣ್ಣ ಬಿರಡೆಯಂಥದ್ದು ಇಟ್ಟು ಮೆಲ್ಲಗೆ ಸದ್ದು ಬಿಡುತ್ತಾರೆ. ಆರೋಗ್ಯವಾದ ಒಳಕಿವಿ ಅದಕ್ಕೆ ತಾನೇ ಒಂದು ಸಣ್ಣ ಸದ್ದನ್ನು ಹಿಂದಿರುಗಿಸುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. (ಒಳಕಿವಿ ಸದ್ದು ಮಾಡುತ್ತದೆಂದು ಕೇಳಿ ನನಗೇ ಆಶ್ಚರ್ಯವಾಗಿತ್ತು.) ಸಂಶಯವಿದ್ದರೆ ತಲೆಗೆ ತಂತಿ ಅಂಟಿಸಿ, ಸದ್ದು ನರದ ಮೂಲಕ ಮಿದುಳಿನ ಕಡೆಗೆ ಹೋಗುತ್ತಿದೆಯೇ ಎಂದು ನೋಡುತ್ತಾರೆ. ಆದಾಯದ ಮಿತಿಯೊಳಗಿನ ಕುಟುಂಬಗಳಿಗೆ ಕೇಂದ್ರದ ಎಡಿಪ್ ಯೋಜನೆಯಲ್ಲಿ ಶ್ರವಣಸಾಧನ ಸಿಗುತ್ತದೆ. ಆದರೆ ಯಂತ್ರ ಹಾಕಿದ ಮಾತ್ರಕ್ಕೆ ಮಾತು ಬರುವುದಿಲ್ಲ, ಕಲಿಸಬೇಕು. ಸಂಸ್ಥೆಯ ಶಿಶುಶಾಲೆಯಲ್ಲಿ ಮಗುವಿನ ಜೊತೆ ತಾಯಿಯೂ ಕೂತು ಕಲಿಸುವುದನ್ನು ಕಲಿಯುತ್ತಾಳೆ. ಅನ್ನ ಉಣಿಸುವಾಗ, ಸ್ನಾನ ಮಾಡಿಸುವಾಗ ಹೇಗೆ ಮಾತಾಡಿಸಬೇಕೆಂಬುದೂ ಪಾಠವೇ.

ಕಿವಿ ನೋವೆಂದರೆ ಬಿಸಿ ಕೊಬ್ಬರಿ ಎಣ್ಣೆ, ತುರಿಸಿದರೆ ಪೊರಕೆ ಕಡ್ಡಿ: ತೆಂಗಿನ ಸೀಮೆಯ ನಮಗೆ ಇವೆರಡೂ ಕೈಗೆ ಬೇಗ ಸಿಗುತ್ತವೆ. ಎರಡನ್ನೂ ಕಿವಿಗೆ ಹಾಕಬೇಡಿ. ತಮಟೆಗೆ, ಅಂದರೆ ಕಿವಿಯೊಳಗಿನ ತೆಳು ಪೊರೆಗೆ, ಪೆಟ್ಟಾಗಬಹುದು. ಕಿವಿ ಸೋರಿದರೆ ವೈದ್ಯರಿಗೆ ತೋರಿಸಿ. ಸೋದರಮಾವ, ಅತ್ತೆಮಗ ಎಂದು ರಕ್ತಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಹುಟ್ಟು ಕಿವುಡಿನ ಸಂಭವ ಹೆಚ್ಚು. ಯಾರನ್ನೂ ದೂರಲು ಹೇಳುತ್ತಿಲ್ಲ, ಅಂಥ ಮನೆಯ ಕೂಸಿಗೆ ತಪಾಸಣೆ ತಪ್ಪಿಸಬೇಡಿ.

ತಿಪಟೂರಿನಿಂದ ಅರಸೀಕೆರೆಗೆ, ಅಲ್ಲಿಂದ ಹಾಸನ ಮಾರ್ಗವಾಗಿ ಮೈಸೂರಿಗೆ ರೈಲಿದೆ. ಆಧಾರ್, ರೇಷನ್ ಕಾರ್ಡು, ಹೆರಿಗೆ ಆಸ್ಪತ್ರೆಯ ಚೀಟಿ, ತಾಯಿ ಕಾರ್ಡು ಜೊತೆಗಿರಲಿ.

ಆ ಅಜ್ಜಿಯ ಸೊಸೆ ಕಾಯಿ ಸುಲಿಯುವ ಕೂಲಿಗೆ ಹೋಗುವವಳು. "ದಿನದ ಕೂಲಿ ಬಿಟ್ಟು ಹೆಂಗೋಗ್ಲಿ ಸಿಸ್ಟರ್?" ಅಂದಳು. ಅದೇ ಸಭೆಯಲ್ಲಿ ಪ್ರಯಾಣಕ್ಕೂ ಎರಡು ದಿನದ ಖರ್ಚಿಗೂ ಸಂಘದಿಂದ ಸಾಲ ಬರೆದರು. ಸಾಕ್ಷಿ ಸಹಿ ಅಜ್ಜಿಯದೇ.