ಗಣಕಯಂತ್ರದ ಕಾರಭಾರಿಗಳು: ವಿಂಡೋಸ್, ಲಿನಕ್ಸ್ ಮತ್ತು ನಮ್ಮ ಕನ್ನಡ



ನಮ್ಮ ವಾಚನಾಲಯದ ಮೂಲೆಯ ಮೇಜಿನ ಮೇಲಿರುವ ಎರಡು ಗಣಕಯಂತ್ರಗಳನ್ನು ತಾವೆಲ್ಲರೂ ಬಲ್ಲಿರಿ. ಇಂಡಿ, ಚಡಚಣ, ಅಫಜಲಪುರದ ಕಡೆಯಿಂದ ಇಂದಾಪುರಕ್ಕೆ ದುಡಿಯಲು ಬಂದ ಅಣ್ಣತಮ್ಮಂದಿರು ಊರ ಹೊಲದ ಪಹಣಿ ತೆಗೆಯುವುದು, ಪಿ.ಎಫ್. ಲೆಕ್ಕ ನೋಡುವುದು, ಮಕ್ಕಳ ಪರೀಕ್ಷೆಯ ಅರ್ಜಿ ತುಂಬುವುದು ಇವುಗಳ ಮೇಲೆಯೇ. ಇವೆರಡರಲ್ಲಿ ಹಳೆಯದರೊಳಗೆ ವಿಂಡೋಸ್ 10 ಇತ್ತು. ಅದಕ್ಕೆ ಕಂಪನಿಯವರು ಸಾಮಾನ್ಯವಾಗಿ ಕೊಡುತ್ತಿದ್ದ ರಕ್ಷಣೆಯ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ವಿಂಡೋಸ್ 11 ಹಾಕೋಣವೆಂದರೆ ಅದು ಟಿ.ಪಿ.ಎಂ. 2.0 ಎಂಬ ಭದ್ರತೆಯ ಏರ್ಪಾಟನ್ನೂ ಈಚಿನ ಪೀಳಿಗೆಯ ಪ್ರೊಸೆಸರನ್ನೂ ಬೇಡುತ್ತದೆ. ನಮ್ಮ ಯಂತ್ರದಲ್ಲಿ ಎರಡೂ ಇಲ್ಲ. ಹೊಸದಕ್ಕೆ ಪಟ್ಟಿ ಎತ್ತಬೇಕೇ, ಇಲ್ಲವೆ ಹಳೆಯದಕ್ಕೇ ಲಿನಕ್ಸ್ ಹಾಕಬೇಕೇ ಎಂದು ಎರಡು ಭಾನುವಾರ ವಾದ ನಡೆಯಿತು. ವಾದಿಸಿದವರಲ್ಲಿ ಅನೇಕರಿಗೆ, ನಮ್ಮನ್ನೂ ಹಿಡಿದು, ಈ ಎರಡರ ಭೇದವೇನೆಂಬುದು ಸರಿಯಾಗಿ ತಿಳಿದಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಆಪರೇಟಿಂಗ್ ಸಿಸ್ಟಂ ಎಂಬುದಕ್ಕೆ ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ಕಾರಭಾರಿ ಎಂದರೆ ನಮಗೆ ಬೇಗ ತಿಳಿದೀತು. ಪ್ರೊಸೆಸರು, ಮೆಮೊರಿ, ಡಿಸ್ಕು, ಪರದೆ, ಪ್ರಿಂಟರು ಇವೆಲ್ಲ ಒಂದೊಂದೇ. ಇವನ್ನು ಬೇಡುವ ಕೆಲಸಗಳು ಹತ್ತಾರು. ಯಾರಿಗೆ ಯಾವುದು ಎಷ್ಟು ಹೊತ್ತು ಸಿಗಬೇಕೆಂಬುದನ್ನು ಗೊತ್ತುಮಾಡುವವನೇ ಈ ಕಾರಭಾರಿ.

ಕಬ್ಬಿನ ಹಂಗಾಮಿನಲ್ಲಿ ಕಾರಖಾನೆಯ ಕಾಟಾದ ಮುಂದೆ ಟ್ರ್ಯಾಕ್ಟರು, ಎತ್ತಿನ ಗಾಡಿಗಳು ಸಾಲುಗಟ್ಟುವುದನ್ನು ನೆನೆಯಿರಿ. ಕಾಟಾ ಒಂದೇ, ಗಾಡಿ ನೂರು. ಹಳೆಯ ಡಾಸ್ ಎಂಬ ವ್ಯವಸ್ಥೆಯಲ್ಲಿ ಒಂದು ಸಲಕ್ಕೆ ಒಂದೇ ಗಾಡಿ. ಉಳಿದವು ಗೇಟಿನ ಒಳಗೇ ಬರುವಂತಿರಲಿಲ್ಲ. 1990ರಲ್ಲಿ ಬಂದ ವಿಂಡೋಸ್ 3.0 ಸಾಲನ್ನು ಒಳಗೆ ಬಿಟ್ಟಿತು, ಆದರೆ ಕಾಟಾದ ಮೇಲಿದ್ದವನು ತಾನಾಗಿ ಇಳಿದರೆ ಮಾತ್ರ ಮುಂದಿನವನಿಗೆ ಸರದಿ. ಒಬ್ಬ ಹಟಮಾರಿ ಅಲ್ಲಿಯೇ ಬೀಡಿ ಸೇದುತ್ತ ಕುಳಿತನೆಂದರೆ ಯಂತ್ರವೇ ಸ್ತಬ್ಧ! ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಅಮೆರಿಕದ ಬೆಲ್ ಲ್ಯಾಬೊರೇಟರಿಯಲ್ಲಿ 1969ರಿಂದ ಕಟ್ಟಿದ ಯುನಿಕ್ಸ್‌ನಲ್ಲಾದರೋ ಗಡಿಯಾರ ಹಿಡಿದ ಪಹರೆಯವನಿದ್ದಾನೆ. ಹೊತ್ತು ಮುಗಿದೊಡನೆ ಯಾರೇ ಆಗಲಿ ಇಳಿಸಿಬಿಡುತ್ತಾನೆ. ವಿಂಡೋಸಿನವರು ಈ ಕ್ರಮವನ್ನು 1993ರ ಎನ್.ಟಿ.ಯಲ್ಲಿಯೂ 1995ರ ವಿಂಡೋಸ್ 95ರಲ್ಲಿಯೂ ತಂದರು. ಕಾಟಾದ ಹೋಲಿಕೆ ಇಲ್ಲಿ ಸ್ವಲ್ಪ ಕುಂಟುತ್ತದೆ: ತೂಕ ಅರ್ಧಕ್ಕೆ ಬಿಟ್ಟರೆ ಮತ್ತೆ ಮೊದಲಿಂದ ತೂಗಬೇಕು, ಗಣಕವಾದರೆ ಎಲ್ಲಿ ನಿಂತಿತ್ತೆಂಬುದನ್ನು ಬರೆದಿಟ್ಟುಕೊಂಡು ಅಲ್ಲಿಂದಲೇ ಮುಂದುವರಿಸುತ್ತದೆ. ಆದರೂ ಹತ್ತಿಸಿ ಇಳಿಸುವುದಕ್ಕೆ ಹೊತ್ತು ಹಿಡಿಯುವುದು ಎರಡು ಕಡೆಯೂ ಸಮ. ಅಡಿಗಡಿಗೆ ಬದಲಿಸಿದರೆ ಬದಲಿಸುವುದರಲ್ಲೇ ದಿನ ಹೋಗುತ್ತದೆ, ಅಪರೂಪಕ್ಕೆ ಬದಲಿಸಿದರೆ ಸಾಲಿನವರು ಗೊಣಗುತ್ತಾರೆ. ಎಷ್ಟು ಹೊತ್ತಿಗೆ ಸೀಟಿ ಊದಬೇಕೆಂಬುದನ್ನು ಕುರಿತು ತಜ್ಞರು ಇಂದಿಗೂ ತಿದ್ದುತ್ತಲೇ ಇದ್ದಾರೆ.

ಇನ್ನು ಎರಡನೆಯ ಜಗಳ ಕೇಳಬೇಕಾದದ್ದು. ಕಾರಭಾರಿಯ ತಿರುಳಿಗೆ ಕರ್ನೆಲ್ ಎಂದು ಹೆಸರು. ಇದು ದೊಡ್ಡದಿರಬೇಕೇ, ಚಿಕ್ಕದಿರಬೇಕೇ? 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಬರೆದಾಗ ಡಿಸ್ಕು ಮೊದಲಾದವುಗಳ ಉಸ್ತುವಾರಿಯನ್ನೆಲ್ಲ ತಿರುಳಿನೊಳಗೇ ಇಟ್ಟ. ಮರುವರ್ಷವೇ ಆಂಸ್ಟರ್‌ಡ್ಯಾಮಿನ ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮರು ಇದು ಹಿಂದಿನ ಕಾಲದ ಕಟ್ಟಡವೆಂದು ಬಹಿರಂಗವಾಗಿ ಟೀಕಿಸಿದರು. ಅವರ ಪ್ರಕಾರ ತಿರುಳು ಚಿಕ್ಕದಾಗಿದ್ದು, ಉಳಿದ ಉಸ್ತುವಾರಿಗಳು ಹೊರಗಿನ ಬೇರೆ ಬೇರೆ ಕೋಣೆಗಳಲ್ಲಿರಬೇಕು. ಒಂದು ಕೋಣೆಗೆ ಬೆಂಕಿ ಬಿದ್ದರೆ ಮನೆ ಉಳಿಯುತ್ತದೆ. ಮಾತೇನೋ ನಿಜ. ಆದರೆ ಪ್ರತಿಯೊಂದು ಕೆಲಸಕ್ಕೂ ಕೋಣೆಯಿಂದ ಕೋಣೆಗೆ ಚೀಟಿ ಕಳಿಸಬೇಕು, ಉತ್ತರ ಕಾಯಬೇಕು. ಕಚೇರಿಯಲ್ಲಿ ಕೂತು ಕಡತ ಓಡಾಡುವುದನ್ನು ಕಂಡ ನಮ್ಮಂಥವರಿಗೆ ಇದರ ನಿಧಾನವನ್ನು ಬಿಡಿಸಿ ಹೇಳಬೇಕಾಗಿಲ್ಲವಷ್ಟೆ. ಟೊರ್ವಾಲ್ಡ್ಸ್ ವೇಗವನ್ನೂ ಸರಳತೆಯನ್ನೂ ಆರಿಸಿಕೊಂಡ.

ವಿಂಡೋಸ್ ಎನ್.ಟಿ.ಯವರು ಮೊದಲು ಚಿತ್ರ ಬಿಡಿಸುವ ವಿಭಾಗವನ್ನು ತಿರುಳಿನ ಹೊರಗೇ ಇಟ್ಟಿದ್ದರು. ಪರದೆ ನಿಧಾನವಾಯಿತೆಂದು 1996ರ ಎನ್.ಟಿ. 4ರಲ್ಲಿ ಅದನ್ನು ಒಳಗೆ ತಂದರು. ವೇಗ ಬಂತು, ಜೊತೆಗೆ ಚಿತ್ರದ ವಿಭಾಗ ತಪ್ಪಿದರೆ ಯಂತ್ರವೇ ಬೀಳುವ ಅಪಾಯವೂ ಬಂತು. ಒಳಗಿರುವವನು ಎಡವಿದರೆ ಏನಾಗುತ್ತದೆಂಬುದಕ್ಕೆ 2024ರ ಜುಲೈ 19 ಸಾಕ್ಷಿ. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶದ ಒಂದು ತಪ್ಪು ತಿದ್ದುಪಡಿಯಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಬೋರ್ಡಿಂಗ್ ಚೀಟಿಯನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಕಾವಲುಗಾರ ತಿರುಳಿನೊಳಗೇ ಇದ್ದುದರಿಂದ ಅವನೊಡನೆ ಮನೆಯೂ ಬಿತ್ತು. ಇದನ್ನು ಓದಿ ಲಿನಕ್ಸಿನ ಪಕ್ಷದವರು ಬೀಗಬೇಕಾಗಿಲ್ಲ. ಅದರ ತಿರುಳೂ ದೊಡ್ಡದೇ, ಅದಕ್ಕೂ ಇಂಥದ್ದು ಸಂಭವಿಸಬಲ್ಲದು.

ಯಾವುದು ಗೆಲ್ಲುತ್ತದೆಂಬುದು ಮಾತ್ರ ಕಟ್ಟಡದ ಚಂದದಿಂದಲೇ ತೀರ್ಮಾನವಾಗುವುದಿಲ್ಲ. 1981ರಲ್ಲಿ ಐ.ಬಿ.ಎಂ. ತನ್ನ ಸಣ್ಣ ಗಣಕವನ್ನು ತಂದಾಗ ಅದರ ಡಾಸಿನ ಬೆಲೆ 40 ಡಾಲರು. ಮುಂದೆ ಅದೇ ಯಂತ್ರಕ್ಕೆ ಬಂದ ಪ್ರತಿಸ್ಪರ್ಧಿ ಸಿ.ಪಿ.ಎಂ.ನ ಬೆಲೆ 240 ಡಾಲರು. ಜನ ಯಾವುದನ್ನು ಕೊಂಡರೆಂದು ಹೇಳಬೇಕೇ? ಬೆಲೆಯೊಂದೇ ಸಾಕೆನ್ನುವಂತೆಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎಂಜಿನಿಯರುಗಳೂ ಕೂಡಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ಮಾಡಿದರು. ಬಡವರಿಗೆಂದು ಮಾಡಿದ್ದರಿಂದ ಒಂದೊಂದು ಯಂತ್ರಕ್ಕೂ ಪರವಾನಗಿಯ ಹಣ ತೆರಬಾರದೆಂದು ಲಿನಕ್ಸನ್ನೇ ಹಾಕಿದರು. ಒಂದೇ ಯಂತ್ರವನ್ನು ಹಳ್ಳಿಯ ಹಲವರು ತಮ್ಮ ತಮ್ಮ ಕಾರ್ಡು ಹಾಕಿ ಬಳಸಬಹುದೆಂಬುದು ಅವರ ಯೋಚನೆ. 2004ರಲ್ಲಿ ಮಾರಾಟಕ್ಕೆ ಬಂದರೂ ಅದು ನಿಲ್ಲಲಿಲ್ಲ. ಅಷ್ಟರಲ್ಲಿ ಮೊಬೈಲು ಮನೆಮನೆಗೆ ಬರತೊಡಗಿತ್ತು. ವಿಚಿತ್ರವೆಂದರೆ ಅದೇ ಲಿನಕ್ಸ್ ತಿರುಳು ಇಂದು ಆಂಡ್ರಾಯ್ಡಿನ ರೂಪದಲ್ಲಿ ನಮ್ಮ ನಿಮ್ಮ ಅಂಗಿಯ ಜೇಬಿನಲ್ಲಿದೆ. ಲಿನಕ್ಸ್ ಎಂದರೆ ಹೆದರುವ ಗೆಳೆಯರು ಇದನ್ನು ಗಮನಿಸಬೇಕು. 2017ರ ಜಿಯೋಫೋನಿನ ಕೈಓಎಸ್‌ನೊಳಗೂ ಅದೇ. ಅದರಲ್ಲಿ ಮೊದಲು ವಾಟ್ಸಾಪ್ ಇರಲಿಲ್ಲ, ಮರುವರ್ಷ ಬಂತು. ಆ ಒಂದು ವರ್ಷ ಊರಿನವರೊಡನೆ ಮಾತು ತಪ್ಪಿದ ಕಷ್ಟವನ್ನು ನಮ್ಮ ಸದಸ್ಯರಲ್ಲಿ ಹಲವರು ಉಂಡಿದ್ದಾರೆ. ಬೇಕಾದ ತಂತ್ರಾಂಶ ದೊರೆಯದ ಕಾರಭಾರಿ ಎಷ್ಟು ಜಾಣನಾದರೇನು?

ಈಗ ಕನ್ನಡದ ಮಾತು. ಡಾಸ್ ಕಾಲದಲ್ಲಿ ಯಂತ್ರಕ್ಕೆ ತಾನಾಗಿ ಕನ್ನಡ ಲಿಪಿ ಬರುತ್ತಿರಲಿಲ್ಲ. ನಮ್ಮ ಜಿಲ್ಲೆಯ ಪುಣೆಯಲ್ಲಿಯೇ 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯವರು ಜಿಸ್ಟ್ ಕಾರ್ಡು ಎಂಬುದನ್ನು ಒದಗಿಸಿದರು. ಅದನ್ನು ಗಣಕದೊಳಗೆ ಸಿಕ್ಕಿಸಿದರೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಕಾರಭಾರಿಗೆ ಕನ್ನಡ ಬಾರದಿದ್ದರೆ ಪಕ್ಕದಲ್ಲೊಬ್ಬ ದುಭಾಷಿಯನ್ನು ನಿಲ್ಲಿಸಿದ ಹಾಗೆ. ವಿಂಡೋಸ್ ಬಂದ ಮೇಲೆ 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂದವು. ಇವು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಅಂದಿನ ಫಾಂಟುಗಳಲ್ಲಿ ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೆ ಕೂರಿಸಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಗೀಚು.

ಹಿಂದೆ ಬೇರೊಂದು ಕಡೆ ಗುಮಾಸ್ತರಾಗಿದ್ದಾಗ ನಾವೇ ಇದನ್ನು ಅನುಭವಿಸಿದ್ದೇವೆ. ಕೂಲಿಕಾರರ ಹೆಸರು, ಊರು, ಮುಂಗಡದ ಪಟ್ಟಿಯನ್ನು ಎರಡು ವರ್ಷ ಕನ್ನಡದಲ್ಲಿ ಟೈಪು ಮಾಡಿಟ್ಟಿದ್ದೆವು. ಯಂತ್ರ ಬದಲಾದ ದಿನ ಒಂದು ಹೆಸರೂ ಓದಲು ಬರಲಿಲ್ಲ. ಮುಂಗಡ ತೀರಿಸಿದ್ದೇನೆಂದು ಒಬ್ಬ ಮುದುಕಪ್ಪ ಕೈಮುಗಿದು ಹೇಳುತ್ತಿದ್ದರೆ ತೋರಿಸಲು ನಮ್ಮ ಬಳಿ ಪುರಾವೆ ಇರಲಿಲ್ಲ. ಫಾಂಟು ಹುಡುಕಿ ತಂದು ಹಾಕುವಷ್ಟರಲ್ಲಿ ಆತ ಊರಿಗೆ ಹೋಗಿಬಿಟ್ಟಿದ್ದ. ಪಟ್ಟಿಯಲ್ಲಿ ಆತನ ಬಾಕಿ ಸೊನ್ನೆಯೇ ಇತ್ತು.

ಯುನಿಕೋಡ್ ಎಂಬ ಸಂಕೇತ ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಉಂಟು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಸೇರಿತ್ತು. ಆದರೆ ಒತ್ತಕ್ಷರ, ಗುಣಿತ ಕೂಡಿಸಿ ತೋರಿಸಲು ಕಾರಭಾರಿಯೇ ಕಲಿಯಬೇಕಲ್ಲ! ವಿಂಡೋಸ್ ಅದನ್ನು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನೊಡನೆ. ಆಂಡ್ರಾಯ್ಡಿಗೆ ಕನ್ನಡದ ಬೆಂಬಲ ಬಂದದ್ದು 2012ರಲ್ಲಿ. ಲಿನಕ್ಸಿನಲ್ಲಿ ಈ ಕೆಲಸವನ್ನು ಸ್ವಯಂಸೇವಕರು ಬಹುಮಟ್ಟಿಗೆ ಮಾಡಿಕೊಂಡು ಬಂದಿದ್ದಾರೆ. ಕೆ.ಪಿ. ರಾಯರು ರೂಪಿಸಿದ, ಕರ್ನಾಟಕ ಸರಕಾರ ಒಪ್ಪಿದ ಕೀಲಿಮಣೆಯ ವಿನ್ಯಾಸವೂ ಅದರಲ್ಲಿ ಸಿಗುತ್ತದೆ. ಆದ್ದರಿಂದ ನುಡಿಯಲ್ಲಿ ಕೈ ಕುದುರಿದವರು ಬೆರಳನ್ನು ಹೊಸದಾಗಿ ಪಳಗಿಸಬೇಕಾಗಿಲ್ಲ.

ಇಷ್ಟೆಲ್ಲ ನೋಡಿ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿದೆವು. ಪ್ರಿಂಟರು ಮೊದಲ ದಿನ ಮಾತಾಡಲಿಲ್ಲ, ಎರಡನೆಯ ದಿನ ಹಾದಿಗೆ ಬಂತು. ಪಹಣಿ, ಪಿ.ಎಫ್., ಅರ್ಜಿ ಇವುಗಳಿಗೆ ಈವರೆಗೆ ತೊಂದರೆ ಕಂಡಿಲ್ಲ. ಇನ್ನೊಂದು ಯಂತ್ರ ವಿಂಡೋಸಿನಲ್ಲಿಯೇ ಇದೆ. ಪಿಂಚಣಿದಾರರ ಜೀವನ ಪ್ರಮಾಣಪತ್ರಕ್ಕಾಗಿ ಬೆರಳೊತ್ತುವ ನಮ್ಮ ಉಪಕರಣ ಲಿನಕ್ಸಿನೊಡನೆ ಹೊಂದಲಿಲ್ಲ. ಕಾಕಾ, ಮಾಮಾ ಎನ್ನುವ ಹಿರಿಯರನ್ನು ಇದಕ್ಕಾಗಿ ಅಲೆದಾಡಿಸುವುದು ನಮಗೆ ಸರಿಕಾಣಲಿಲ್ಲ.

ಹಳೆಯ ನುಡಿ, ಬರಹ ಕಡತಗಳು ಯಾರ ಬಳಿಯಾದರೂ ಇದ್ದರೆ ಪೆನ್‌ಡ್ರೈವಿನಲ್ಲಿ ಭಾನುವಾರ ಬೆಳಿಗ್ಗೆ ತರಬೇಕು. ಯುನಿಕೋಡಿಗೆ ಬದಲಿಸಿಕೊಡುತ್ತೇವೆ. ಬದಲಿಸುವಾಗ ಕೆಲವು ಒತ್ತಕ್ಷರಗಳು ತಪ್ಪುವುದುಂಟು. ಆದ್ದರಿಂದ ಹೆಸರು ಮತ್ತು ಹಣದ ಪಟ್ಟಿಗಳಿದ್ದವರು ಪಕ್ಕದಲ್ಲಿ ಕುಳಿತು ಒಂದೊಂದು ಸಾಲನ್ನೂ ಓದಿ ನೋಡಿ ಒಯ್ಯತಕ್ಕದ್ದು.